ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ರಸ್ತೆ ಸುರಕ್ಷತೆ: ಯಾರಿಗೆ ಯಾವ ತರಬೇತಿ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಶೇಂಗಾ ಇಲ್ಲಿಯ ಮುಖ್ಯ ಬೆಳೆ. ಕುರಿ ಸಾಕಣೆ, ಕಂಬಳಿ ನೇಯ್ಗೆ ಮತ್ತು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯ್ಗೆ ಇಲ್ಲಿಯ ಉಪಜೀವನದ ಆಧಾರಗಳು. ಈ ಎಲ್ಲ ಕಸುಬುಗಳೂ ರಸ್ತೆಯನ್ನು ನಂಬಿವೆ. ಹೊಲದ ಶೇಂಗಾ ಚಳ್ಳಕೆರೆಯ ಮಾರುಕಟ್ಟೆಗೆ, ಅಲ್ಲಿಂದ ಎಣ್ಣೆ ಗಿರಣಿಗೆ ಸೇರಬೇಕು. ಮೇವು ಅರಸಿ ಹೊರಟ ಕುರಿ ಮಂದೆ ಒಂದಲ್ಲ ಒಂದು ಕಡೆ ಹೆದ್ದಾರಿಯನ್ನು ದಾಟಲೇಬೇಕು.

ಹಿರಿಯೂರಿನಿಂದ ಸಾಣಿಕೆರೆ, ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ಹಾನಗಲ್, ರಾಂಪುರಗಳ ಮೂಲಕ ಬಳ್ಳಾರಿಗೆ ಹೋಗುವ ರಸ್ತೆ ಹಿಂದೆ ಶ್ರೀರಂಗಪಟ್ಟಣ–ಬೀದರ್ ರಾಜ್ಯ ಹೆದ್ದಾರಿಯ ಒಂದು ಭಾಗವಾಗಿತ್ತು. ಈಗ ಅದು ರಾಷ್ಟ್ರೀಯ ಹೆದ್ದಾರಿ 150 ಎ. ಹಿರಿಯೂರು ಮತ್ತು ಚಳ್ಳಕೆರೆಗಳ ನಡುವಿನ ಭಾಗವು ಮಧ್ಯೆ ವಿಭಜಕವಿರುವ ಚತುಷ್ಪಥವಾಗಿ ಮಾರ್ಪಟ್ಟಿದೆ. ರಸ್ತೆ ಅಗಲವಾಯಿತು, ವಾಹನಗಳ ವೇಗ ಹೆಚ್ಚಿತು. ಆದರೆ ಹೊಲದಿಂದ ರಸ್ತೆಗೆ ಬರುವ ಎತ್ತಿನ ಗಾಡಿ, ಟ್ರಾಕ್ಟರು, ಕುರಿ ಮಂದೆಗಳ ನಡೆ ಹಿಂದಿನಂತೆಯೇ ಉಳಿದಿದೆ. ಅಪಾಯದ ಮೂಲ ಇಲ್ಲಿದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಈ ಸಾವುಗಳಲ್ಲಿ ನೂರಕ್ಕೆ ಸುಮಾರು 68ರಷ್ಟು ಗ್ರಾಮೀಣ ಪ್ರದೇಶದ್ದು. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಆದ್ದರಿಂದ ರಸ್ತೆ ಅಪಘಾತವು ಪಟ್ಟಣದವರ ಸಮಸ್ಯೆ ಎಂಬ ಭಾವನೆ ಸರಿಯಲ್ಲ. ದುಡಿಯುವ ಒಬ್ಬ ವ್ಯಕ್ತಿಯನ್ನು ಕಳೆದುಕೊಂಡ ರೈತ ಕುಟುಂಬಕ್ಕೆ ಆಗುವ ನಷ್ಟವನ್ನು ಯಾವ ಬೆಳೆಯೂ ತುಂಬಿಕೊಡಲಾರದು.

ರಸ್ತೆ ಎಲ್ಲರಿಗೂ ಒಂದೇ. ಆದರೆ ಅದರ ಮೇಲೆ ನಡೆಯುವವರ ಅಪಾಯ ಒಂದೇ ಬಗೆಯದಲ್ಲ. ಟ್ರಾಕ್ಟರ್ ಚಾಲಕನಿಗೆ ಬೇಕಾದ ತಿಳುವಳಿಕೆ ಬೇರೆ, ಕುರಿಗಾಹಿಗೆ ಬೇಕಾದದ್ದು ಬೇರೆ, ಶಾಲೆಗೆ ಹೋಗುವ ಮಗುವಿಗೆ ಬೇಕಾದದ್ದು ಇನ್ನೂ ಬೇರೆ. "ನಿಧಾನವಾಗಿ ಚಲಿಸಿ" ಎಂಬ ಫಲಕವೊಂದೇ ಇವರೆಲ್ಲರನ್ನೂ ಕಾಪಾಡಲಾರದು. ಆಯಾ ಗುಂಪಿಗೆ ಅವರವರ ಕೆಲಸಕ್ಕೆ ಹೊಂದುವ ಶಿಕ್ಷಣವನ್ನು ಅವರಿರುವಲ್ಲಿಯೇ ಕೊಡುವುದು ಅವಶ್ಯಕ.

ವೇಗದ ಅಂತರ ಮತ್ತು ಕತ್ತಲೆ

ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರುಗಳು ಗಂಟೆಗೆ 100 ಕಿ.ಮೀ. ವೇಗದವರೆಗೆ ಹೋಗಲು 2018ರ ಕೇಂದ್ರ ಅಧಿಸೂಚನೆಯಲ್ಲಿ ಅವಕಾಶವಿದೆ. ಅದೇ ರಸ್ತೆಯಲ್ಲಿ ಶೇಂಗಾ ತುಂಬಿದ ಟ್ರಾಕ್ಟರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎಂದು ಭಾವಿಸೋಣ. ಕಾರು ಸೆಕೆಂಡಿಗೆ ಸುಮಾರು 22 ಮೀಟರಿನಂತೆ ಟ್ರಾಕ್ಟರಿಗೆ ಹತ್ತಿರವಾಗುತ್ತದೆ. ರಾತ್ರಿ ವೇಳೆ ತಗ್ಗಿಸಿದ ದೀಪದ ಬೆಳಕಿನಲ್ಲಿ ಹಿಂದೀಪವಿಲ್ಲದ, ಮಣ್ಣು ಮೆತ್ತಿದ ಟ್ರೇಲರು 50 ಮೀಟರ್ ದೂರದಲ್ಲಿ ಕಣ್ಣಿಗೆ ಬಿತ್ತೆನ್ನೋಣ. ಚಾಲಕನು ನೋಡಿ, ತಿಳಿದು, ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಅಂತರ 28 ಮೀಟರಿಗೆ ಇಳಿದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕು ಇದ್ದರೂ, ಕಾರಿನ ವೇಗ ಟ್ರಾಕ್ಟರಿನ ವೇಗಕ್ಕೆ ಇಳಿಯುವಷ್ಟರಲ್ಲಿ ಇನ್ನೂ ಸುಮಾರು 35 ಮೀಟರ್ ಅಂತರ ಕರಗುತ್ತದೆ. ಅಂದರೆ ಡಿಕ್ಕಿ ತಪ್ಪುವುದಿಲ್ಲ.

ಅದೇ ಟ್ರೇಲರಿನ ಹಿಂಭಾಗಕ್ಕೆ ಬೆಳಕನ್ನು ಪ್ರತಿಫಲಿಸುವ ಪಟ್ಟಿ, ಅಂದರೆ ಜನರು 'ರೇಡಿಯಂ' ಎಂದು ಕರೆಯುವ ಪಟ್ಟಿಯನ್ನು ಅಂಟಿಸಿದ್ದರೆ ಅದು 200 ಮೀಟರಿನಷ್ಟು ದೂರದಿಂದಲೇ ಹೊಳೆಯಬಲ್ಲದು. ಆಗ ಕಾರಿನ ಚಾಲಕನಿಗೆ 2 ಸೆಕೆಂಡಿನ ಬದಲು 9 ಸೆಕೆಂಡು ದೊರೆಯುತ್ತದೆ. ಕಡಿಮೆ ಖರ್ಚಿನ ಈ ಪಟ್ಟಿ ಮಾಡುವ ಕೆಲಸ ಇಷ್ಟು ದೊಡ್ಡದು. ನಿಧಾನವಾಗಿ ಹೋಗುವವನಿಗೆ ಮೊದಲ ರಕ್ಷಣೆಯೆಂದರೆ ಇತರರ ಕಣ್ಣಿಗೆ ಬೀಳುವುದು.

ನಿಂತ ವಾಹನದ ಅಪಾಯ ಇನ್ನೂ ಹೆಚ್ಚು. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ಟ್ರಾಕ್ಟರು ಕೆಟ್ಟು ನಿಂತರೆ ಅದನ್ನು ರಸ್ತೆಯ ಮೇಲೆ ಬಿಡದೆ ಪೂರ್ಣವಾಗಿ ಕೆಳಗಿಳಿಸಬೇಕು. ಸಾಧ್ಯವಾಗದಿದ್ದಲ್ಲಿ ಐವತ್ತು ಮೀಟರಿಗೂ ಹೆಚ್ಚು ಹಿಂದೆ, ಎಲ್ಲರಿಗೂ ಕಾಣುವಂತೆ, ಎಚ್ಚರಿಕೆಯ ತ್ರಿಕೋನವನ್ನೋ ಕೆಂಪು ದೀಪವನ್ನೋ ಇಡಬೇಕು. ಕಲ್ಲುಗಳನ್ನು ಸಾಲಾಗಿಟ್ಟು, ಹೊರಡುವಾಗ ಅಲ್ಲಿಯೇ ಬಿಟ್ಟು ಹೋಗುವ ಅಭ್ಯಾಸ ಮತ್ತೊಂದು ಅಪಘಾತಕ್ಕೆ ದಾರಿಯಾಗುತ್ತದೆ.

ಟ್ರಾಕ್ಟರ್ ಚಾಲಕರಿಗೆ

ಹೊಲದಲ್ಲಿ ಚೆನ್ನಾಗಿ ಉಳುವ ಚಾಲಕನು ರಸ್ತೆಯಲ್ಲಿಯೂ ಚೆನ್ನಾಗಿ ಓಡಿಸುತ್ತಾನೆಂದು ಹೇಳಲಾಗದು. ಎರಡೂ ಕಡೆ ಅನುಸರಿಸಬೇಕಾದ ಕ್ರಮ ಬೇರೆ ಬೇರೆ. ಚಾಲಕರು ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಟ್ರಾಕ್ಟರಿನ ಎಡ ಮತ್ತು ಬಲ ಗಾಲಿಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲುಗಳಿವೆ. ಹೊಲದ ಅಂಚಿನಲ್ಲಿ ತಿರುಗಿಸಲು ಒಂದೇ ಪೆಡಲನ್ನು ತುಳಿಯುವುದು ವಾಡಿಕೆ. ರಸ್ತೆಗೆ ಬರುವ ಮೊದಲು ಎರಡೂ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಇಲ್ಲವಾದರೆ ವೇಗದಲ್ಲಿ ಒಂದೇ ಗಾಲಿಗೆ ಬ್ರೇಕು ಬಿದ್ದು ಟ್ರಾಕ್ಟರು ಪಕ್ಕಕ್ಕೆ ಎಳೆದು ಮಗುಚುವ ಸಂಭವವಿದೆ.

2. ಹೊಲದಿಂದ ಎತ್ತರದ ರಸ್ತೆಗೆ ಹತ್ತುವಾಗ ಕ್ಲಚ್ಚನ್ನು ಒಮ್ಮೆಲೆ ಬಿಡಬಾರದು. ಹಿಂದಿನ ಗಾಲಿಗಳು ಸಿಕ್ಕಿಕೊಂಡು ಮುಂಭಾಗ ಮೇಲೆದ್ದರೆ ಚಾಲಕನು ಟ್ರಾಕ್ಟರಿನ ಅಡಿಗೆ ಬೀಳುತ್ತಾನೆ. ಇದೇ ಕಾರಣಕ್ಕೆ ಟ್ರೇಲರನ್ನು ತಯಾರಕರು ಗೊತ್ತುಮಾಡಿದ ಕೊಂಡಿಗೇ ಸಿಕ್ಕಿಸಬೇಕು, ಅದಕ್ಕಿಂತ ಎತ್ತರದಲ್ಲಿ ಬೇರೆಲ್ಲಿಯೂ ಕಟ್ಟಬಾರದು.

3. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್ಲಿಗೆ ತಂದು ಬಿಡಬಾರದು. ಭಾರ ತುಂಬಿದ ಟ್ರೇಲರು ಹಿಂದಿನಿಂದ ನೂಕಿದಾಗ ಬ್ರೇಕೊಂದರಿಂದಲೇ ಅದನ್ನು ತಡೆಯುವುದು ಕಷ್ಟ. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬರಬೇಕು.

4. ಶೇಂಗಾ ಬಳ್ಳಿ, ಮೇವು ತುಂಬಿದಾಗ ಹೊರೆ ಅಗಲವಾಗಿ ಹಿಂದೀಪವನ್ನೂ ಪಟ್ಟಿಯನ್ನೂ ಮುಚ್ಚುತ್ತದೆ. ಅಂತಹ ಹೊರೆಯನ್ನು ಹಗಲಿನಲ್ಲಿಯೇ ಸಾಗಿಸುವುದು ಒಳಿತು. ಕತ್ತಲಾದರೆ ಹೊರೆಯ ತುದಿಗೆ ಕೆಂಪು ದೀಪ ಕಟ್ಟಬೇಕು.

5. ಮಡ್‌ಗಾರ್ಡಿನ ಮೇಲೆ ಯಾರನ್ನೂ, ವಿಶೇಷವಾಗಿ ಮಕ್ಕಳನ್ನು, ಕೂರಿಸಬಾರದು. ಒಂದು ಹಳ್ಳದ ಕುಲುಕಿಗೆ ಕೈ ಜಾರಿದರೆ ಬೀಳುವುದು ಹಿಂದಿನ ದೊಡ್ಡ ಗಾಲಿಯ ಕೆಳಗೆ.

6. ವಿಭಜಕವಿರುವ ರಸ್ತೆಯಲ್ಲಿ ತಿರುವು ದೂರವಿದೆಯೆಂದು ಎದುರು ದಿಕ್ಕಿನಲ್ಲಿ ಹೋಗುವುದು ಅತ್ಯಂತ ಅಪಾಯಕರ. ಟ್ರಾಕ್ಟರಿನ ಮೆಲ್ಲನೆಯ ವೇಗಕ್ಕೆ ಎದುರಿನ ವಾಹನದ ಪೂರ್ಣ ವೇಗ ಸೇರಿಕೊಳ್ಳುತ್ತದೆ. ಎರಡು ಕಿಲೋಮೀಟರ್ ಸುತ್ತಿ ಬರುವುದರಿಂದ ಹೆಚ್ಚೆಂದರೆ ಆರು ನಿಮಿಷ ಹೋಗುತ್ತದೆ.

ಟ್ರೇಲರಿಗೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಬಣ್ಣದ ಪಟ್ಟಿ ಅಂಟಿಸಬೇಕು. ತುಕ್ಕು, ಧೂಳುಗಳನ್ನು ಉಜ್ಜಿ ತೆಗೆದ ಮೇಲೆ ಅಂಟಿಸಿದರೆ ಬಹುಕಾಲ ಬಾಳುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಸರು ಮುಚ್ಚಿದ ಪಟ್ಟಿ ಇದ್ದೂ ಇಲ್ಲದಂತೆ.

ಎತ್ತಿನ ಗಾಡಿ ಹೊಡೆಯುವವರಿಗೆ

ಹಿಂದೆ ರಾತ್ರಿ ಸಾಗುವ ಗಾಡಿಯ ಅಚ್ಚಿನ ಕೆಳಗೆ ಕಂದೀಲು ತೂಗಾಡುತ್ತಿತ್ತು. ಅದು ಎತ್ತಿಗೆ ದಾರಿ ತೋರಿಸುವುದರ ಜೊತೆಗೆ ಹಿಂದಿನಿಂದ ಬರುವವರಿಗೂ ಗಾಡಿಯ ಗುರುತನ್ನು ಕೊಡುತ್ತಿತ್ತು. ಕಂದೀಲು ಹೋಯಿತು, ಅದರ ಸ್ಥಾನಕ್ಕೆ ಮತ್ತೊಂದು ಬರಲಿಲ್ಲ. ಗಾಡಿಯ ಹಿಂದಿನ ಹಲಗೆಗೆ, ಚಕ್ರದ ಎರಡೂ ಬದಿಗೆ, ನೊಗದ ತುದಿಗಳಿಗೆ ಪಟ್ಟಿ ಅಂಟಿಸಬೇಕು. ಎತ್ತಿನ ಕೊರಳ ಪಟ್ಟಿಗೂ ಒಂದು ತುಂಡು ಹೊಲಿದರೆ ಬದಿಯಿಂದ ಬರುವವರಿಗೆ ಕಾಣುತ್ತದೆ. ಎತ್ತುಗಳಿಗೆ ದಾರಿ ಗೊತ್ತೆಂದು ಗಾಡಿಯಲ್ಲಿ ನಿದ್ರೆ ಮಾಡುವುದು ಹಳೆಯ ಬಂಡಿದಾರಿಯಲ್ಲಿ ನಡೆಯುತ್ತಿತ್ತು, ಹೆದ್ದಾರಿಯಲ್ಲಿ ನಡೆಯದು. ಎತ್ತಿಗೆ ಮನೆಯ ದಾರಿ ಗೊತ್ತು, ಲಾರಿಯ ವೇಗ ಗೊತ್ತಿಲ್ಲ.

ಕುರಿಗಾಹಿಗಳಿಗೆ

ಕುರಿಗಾಹಿಗಳು ಮೇವು ಇದ್ದಲ್ಲಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಮುಂಜಾನೆ ಮತ್ತು ಮುಸ್ಸಂಜೆ ರಸ್ತೆ ದಾಟುವುದು ಸಾಮಾನ್ಯ. ಚಾಲಕರ ಕಣ್ಣಿಗೆ ಎಲ್ಲಕ್ಕಿಂತ ಮಸುಕಾಗುವ ಹೊತ್ತೂ ಅದೇ. ಮುಂದಿನ ಕುರಿ ಹೋದ ಕಡೆಗೆ ಮಂದೆಯೆಲ್ಲ ನುಗ್ಗುತ್ತದೆ. ಅದನ್ನು ಅರ್ಧದಲ್ಲಿ ತಡೆಯುವುದು ಆಗದ ಮಾತು.

ಆದ್ದರಿಂದ ದಾಟುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಿರುವು, ದಿಬ್ಬದ ನೆತ್ತಿ, ಸೇತುವೆಯ ಅಂಚು ಇವು ಯೋಗ್ಯವಲ್ಲ. ಎರಡೂ ಕಡೆ ದೂರಕ್ಕೆ ಕಾಣುವ ನೇರ ಜಾಗ, ಇಲ್ಲವೆ ರಸ್ತೆಯ ಅಡಿಯಲ್ಲಿ ದಾಟಲು ಎಡೆಯಿರುವ ಮೋರಿ ಉತ್ತಮ. ಒಬ್ಬನು ನೂರು ಮೀಟರ್ ಮುಂದೆ, ಮತ್ತೊಬ್ಬನು ನೂರು ಮೀಟರ್ ಹಿಂದೆ ನಿಂತು ಕೆಂಪು ಬಟ್ಟೆ ಬೀಸಬೇಕು. ಮಸುಕಿನಲ್ಲಿ ಟಾರ್ಚು ಹಿಡಿಯಬೇಕು. ದೊಡ್ಡ ಮಂದೆಯನ್ನು ಒಂದೇ ಬಾರಿಗೆ ಬಿಡದೆ ಗುಂಪು ಗುಂಪಾಗಿ ದಾಟಿಸಬೇಕು.

ಕುರಿಗಾಹಿಯ ಉಡುಪಿನ ಬಗ್ಗೆ ಒಂದು ಮಾತು. ಕರಿಯ ಕಂಬಳಿ ಚಳಿ, ಮಳೆಗೆ ಉತ್ತಮವಾದ ಹೊದಿಕೆ. ಆದರೆ ಕತ್ತಲೆಯಲ್ಲಿ ಅದನ್ನು ಹೊದ್ದು ಡಾಂಬರು ರಸ್ತೆಯ ಅಂಚಿನಲ್ಲಿ ನಿಂತವನು ಚಾಲಕನಿಗೆ ಕಾಣುವುದೇ ಇಲ್ಲ. ಕಂಬಳಿಯ ಮೇಲೆ ಅಡ್ಡಲಾಗಿ ಬಿಳಿಯ ವಸ್ತ್ರ ಹಾಕಿಕೊಳ್ಳುವುದು, ಕೈಯ ಕೋಲಿಗೆ ರೇಡಿಯಂ ಪಟ್ಟಿ ಸುತ್ತುವುದು ಸುಲಭದ ಉಪಾಯಗಳು. ರಾತ್ರಿ ಮಂದೆಯನ್ನು ರಸ್ತೆಯಿಂದ ದೂರದ ಹೊಲದಲ್ಲಿಯೇ ತಂಗಿಸಬೇಕು. ಹೊಲಕ್ಕೆ ಗೊಬ್ಬರವೂ ಆಯಿತು, ಮಂದೆಗೆ ರಕ್ಷಣೆಯೂ ಆಯಿತು.

ಕೂಲಿಗೆ ಹೋಗುವವರಿಗೆ ಮತ್ತು ಕರೆದೊಯ್ಯುವವರಿಗೆ

ಶೇಂಗಾ ಕೀಳುವ ಕಾಲದಲ್ಲಿ ಕೂಲಿಯವರನ್ನು, ಅವರಲ್ಲಿ ಹೆಚ್ಚಾಗಿ ಹೆಂಗಸರನ್ನು, ಲಗೇಜ್ ಆಟೋ ಮತ್ತು ಟ್ರೇಲರುಗಳಲ್ಲಿ ನಿಲ್ಲಿಸಿ ಕರೆದೊಯ್ಯುವುದುಂಟು. ಸರಕು ವಾಹನದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಜನ ನಿಂತಷ್ಟೂ ವಾಹನದ ಭಾರ ಮೇಲಕ್ಕೆ ಏರಿ ತಿರುವಿನಲ್ಲಿ ಮಗುಚುವುದು ಸುಲಭವಾಗುತ್ತದೆ. 2022ರ ಆಗಸ್ಟ್ 25ರಂದು ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಲ್ಲಿ ರಾಯಚೂರು ಕಡೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಿದ್ದ ಕಾರ್ಮಿಕರ ವಾಹನ ಲಾರಿಗೆ ಡಿಕ್ಕಿ ಹೊಡೆದು 9 ಮಂದಿ ಅಸುನೀಗಿದರು. 2025ರ ಜನವರಿ 22ರಂದು ಯಲ್ಲಾಪುರ ತಾಲ್ಲೂಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಉರುಳಿ, ಹೊರೆಯೊಂದಿಗೆ ಪ್ರಯಾಣಿಸುತ್ತಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಸತ್ತರು. ಸರಕಿನ ಜೊತೆ ಜನ ಕೂತರೆ ಆಗುವ ಅನಾಹುತಕ್ಕೆ ಇದು ಕಣ್ಣೆದುರಿನ ಉದಾಹರಣೆ.

ವಾಹನದ ಮಾಲೀಕರು ಮತ್ತೊಂದು ವಿಷಯವನ್ನು ತಿಳಿದಿರಬೇಕು. ಕೃಷಿ ಟ್ರಾಕ್ಟರು ಮತ್ತು ಟ್ರೇಲರಿನ ವಿಮೆಯು ಸಾಮಾನ್ಯವಾಗಿ ಅದರಲ್ಲಿ ಪ್ರಯಾಣಿಸುವ ಜನರಿಗೆ ಅನ್ವಯಿಸುವುದಿಲ್ಲ. ಅಂತಹವರಿಗೆ ಸಾವು ನೋವು ಸಂಭವಿಸಿದರೆ ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸಬಹುದು, ಪರಿಹಾರದ ಹಣ ಮಾಲೀಕನ ತಲೆಯ ಮೇಲೆ ಬರಬಹುದು. ಒಂದು ದಿನದ ಬಸ್ ಖರ್ಚನ್ನು ಉಳಿಸಲು ಹೋಗಿ ಹೊಲವನ್ನೇ ಮಾರುವ ಪರಿಸ್ಥಿತಿ ಬರಬಾರದು. ಊರಿನ ನಾಲ್ಕಾರು ರೈತರು ಸೇರಿ ಪರವಾನಗಿಯುಳ್ಳ ಪ್ರಯಾಣಿಕ ವಾಹನವನ್ನು ಗೊತ್ತುಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ರಸ್ತೆಯ ಮೇಲೆ ಒಕ್ಕಣೆ ಸಲ್ಲದು

ಹುರುಳಿ, ಸಜ್ಜೆ, ನವಣೆ, ರಾಗಿಗಳನ್ನು ರಸ್ತೆಗೆ ಹರಡಿ ಬರುವ ಹೋಗುವ ವಾಹನಗಳಿಂದ ಒಕ್ಕಣೆ ಮಾಡಿಸುವ ಪದ್ಧತಿ ಅನೇಕ ಕಡೆ ಇದೆ. ಸೊಪ್ಪೆಯ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆ. ಹುರುಳಿಯ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿ ಬೆಂಕಿ ಬೀಳುವುದೂ ಉಂಟು. ರಸ್ತೆಯಲ್ಲಿ ಕಾಳು ಹಸನು ಮಾಡುತ್ತ ಕುಳಿತವರ ಪ್ರಾಣಕ್ಕೂ ಅಪಾಯ ತಪ್ಪಿದ್ದಲ್ಲ.

ಈ ಪದ್ಧತಿಯಿಂದ ರೈತರಿಗೆ ಲಾಭವೂ ಇಲ್ಲ. ಕಾಳು ಒಡೆಯುತ್ತದೆ, ಕಲ್ಲು ಮಣ್ಣು ಸೇರುತ್ತದೆ, ಎಣ್ಣೆ ಮತ್ತು ಡಾಂಬರು ಅಂಟುತ್ತದೆ, ಮೇವು ಹಾಳಾಗುತ್ತದೆ. ಮಾರುಕಟ್ಟೆಯಲ್ಲಿ ಅಂತಹ ಕಾಳಿಗೆ ಬೆಲೆ ಕಡಿಮೆ, ಬಿತ್ತನೆಗಂತೂ ಅದು ಯೋಗ್ಯವಲ್ಲ. ಸಗಣಿಯಿಂದ ಸಾರಿಸಿದ ಕಣ, ಟಾರ್ಪಾಲು, ಬಾಡಿಗೆಯ ಒಕ್ಕಣೆ ಯಂತ್ರ ಇವುಗಳಲ್ಲಿ ಅನುಕೂಲವಾದುದನ್ನು ಬಳಸಬೇಕು. ಊರಿಗೊಂದು ಸಾಮೂಹಿಕ ಕಣ ಮಾಡಿಕೊಳ್ಳುವ ವಿಷಯವನ್ನು ಗ್ರಾಮ ಪಂಚಾಯಿತಿಯಲ್ಲಿ ಪ್ರಸ್ತಾಪಿಸುವುದು ಒಳ್ಳೆಯದು.

ದ್ವಿಚಕ್ರ ವಾಹನ ಸವಾರರಿಗೆ

ಶಿರಸ್ತ್ರಾಣವನ್ನು ಪೊಲೀಸರಿಗಾಗಿ ಹಾಕುವುದಲ್ಲ. ಐ.ಎಸ್.ಐ. ಗುರುತಿನದನ್ನು ಧರಿಸಿ ಗಲ್ಲದ ಪಟ್ಟಿಯನ್ನು ಬಿಗಿಯಬೇಕು. ಪಟ್ಟಿ ಬಿಗಿಯದ ಶಿರಸ್ತ್ರಾಣವು ಬೀಳುವಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ. ಹಿಂದೆ ಕೂತವರಿಗೂ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾನೂನಿನಂತೆ ಇದು ಕಡ್ಡಾಯ. ಮೂಟೆ, ಹಾಲಿನ ಕ್ಯಾನು, ಸಿಂಪರಣಾ ಯಂತ್ರಗಳನ್ನು ಒಂದೇ ಬದಿಗೆ ನೇತುಹಾಕಿದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಹೆಂಗಸರ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಸೀರೆ ತಡೆ ಜಾಲರಿ ಇರಬೇಕು.

ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಡುವ ತಂದೆ ತಾಯಿ ಎಚ್ಚರ ವಹಿಸಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿಯು ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಇದು ಟ್ರಾಕ್ಟರಿಗೂ ಅನ್ವಯಿಸುತ್ತದೆ.

ಮಕ್ಕಳು, ವೃದ್ಧರು ಮತ್ತು ಜಾತ್ರೆಗೆ ನಡೆಯುವವರು

ಸಣ್ಣ ಮಗುವಿಗೆ ಬರುವ ವಾಹನದ ವೇಗವನ್ನು ಅಂದಾಜು ಮಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ "ನೋಡಿಕೊಂಡು ದಾಟು" ಎಂಬ ಉಪದೇಶ ಸಾಲದು. ಶಿಕ್ಷಕರು ಮಕ್ಕಳನ್ನು ರಸ್ತೆಯ ಅಂಚಿಗೆ ಕರೆದೊಯ್ದು ನಿಲ್ಲುವುದು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು, ಓಡದೆ ನೇರವಾಗಿ ದಾಟುವುದು ಇವನ್ನು ಹಲವು ಸಲ ಮಾಡಿಸಬೇಕು. ಬಸ್ಸಿನಿಂದ ಇಳಿದವರು ಬಸ್ಸು ಹೊರಟುಹೋಗುವವರೆಗೆ ಕಾಯಬೇಕು. ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆದರೆ ಎದುರಿನ ವಾಹನ ಕಣ್ಣಿಗೆ ಬೀಳುತ್ತದೆ. ವೃದ್ಧರಿಗೆ ವಾಹನದ ಸದ್ದು ಕೇಳಿಸದಿರಬಹುದು. ಅವರನ್ನು ಮನೆಯವರೊಬ್ಬರು ಕೈ ಹಿಡಿದು ದಾಟಿಸುವುದು ಮೇಲು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಫಾಲ್ಗುಣ ಮಾಸದಲ್ಲಿ ಅಪಾರ ಜನ ಸೇರುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿ ನಡೆಯುವವರು ಸಾಲಿನ ಮೊದಲಿಗೆ ಬಿಳಿ ದೀಪ, ಕೊನೆಗೆ ಕೆಂಪು ದೀಪ ಹಿಡಿದು, ಒಬ್ಬರ ಹಿಂದೆ ಒಬ್ಬರಂತೆ ನಡೆಯಬೇಕು. ದಣಿದಾಗ ರಸ್ತೆಯ ಅಂಚಿನಲ್ಲಿ ಮಲಗಬಾರದು.

ಅಪಘಾತವಾದಾಗ

ಅಪಘಾತವಾದ ಮೊದಲ ಒಂದು ಗಂಟೆ ಬಹಳ ಮುಖ್ಯ. 108ಕ್ಕೆ ಕರೆ ಮಾಡಿ ಊರು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಗಾಯಾಳುಗಳ ಸಂಖ್ಯೆ ತಿಳಿಸಬೇಕು. ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು. ಕಾಫಿ ಪುಡಿ, ಮಣ್ಣು ಮೆತ್ತಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಬೆಂಕಿಯಂತಹ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡದೆ ಆಂಬುಲೆನ್ಸಿಗಾಗಿ ಕಾಯಬೇಕು.

ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಅನಗತ್ಯ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134-ಎ ಪ್ರಕರಣವು ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಅಪಘಾತಕ್ಕೀಡಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಸೌಲಭ್ಯವಿದೆ.

ತರಬೇತಿ ಹೇಗಿರಬೇಕು?

ಭಾಷಣಕ್ಕಿಂತ ಪ್ರಾತ್ಯಕ್ಷಿಕೆ ರೈತರ ಮನಸ್ಸಿಗೆ ಬೇಗ ನಾಟುತ್ತದೆ. ಕತ್ತಲಾದ ಮೇಲೆ, ವಾಹನಗಳಿಲ್ಲದ ಊರ ಬಯಲಿನಲ್ಲಿ ಎರಡು ಟ್ರೇಲರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದಕ್ಕೆ ಪಟ್ಟಿ ಅಂಟಿಸಿ, ಇನ್ನೊಂದನ್ನು ಹಾಗೆಯೇ ಬಿಡಬೇಕು. ರೈತರು ಒಬ್ಬೊಬ್ಬರಾಗಿ ಮೋಟಾರ್ ಸೈಕಲಿನ ತಗ್ಗಿಸಿದ ದೀಪದಲ್ಲಿ ನಿಧಾನವಾಗಿ ಹತ್ತಿರ ಬಂದು, ಯಾವುದು ಎಲ್ಲಿ ಕಂಡಿತೆಂದು ಗುರುತು ಹಾಕಿ ಹೆಜ್ಜೆ ಎಣಿಸಬೇಕು. ಎಣಿಸಿದವರು ಮರುದಿನ ತಮ್ಮ ಟ್ರೇಲರಿಗೆ ಪಟ್ಟಿ ಹಾಕಲು ಹಿಂಜರಿಯಲಾರರು.

ತರಬೇತಿಯ ಕಾಲವೂ ಮುಖ್ಯ. ಶೇಂಗಾ ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿ ಟ್ರಾಕ್ಟರ್ ಚಾಲಕರಿಗೆ. ಕೀಳುವ ಮುಂಚೆ, ಸೆಪ್ಟೆಂಬರಿನಲ್ಲಿ ಕೂಲಿಯವರಿಗೆ ಮತ್ತು ವಾಹನ ಮಾಲೀಕರಿಗೆ. ಶಾಲೆ ತೆರೆದ ಮೊದಲ ವಾರದಲ್ಲಿ ಮಕ್ಕಳಿಗೆ. ಕುರಿ ಸಂತೆಯ ದಿನ ಕುರಿಗಾಹಿಗಳಿಗೆ ಏರ್ಪಡಿಸುವುದು ಸೂಕ್ತ. ಮಾರುಕಟ್ಟೆಯ ಅಂಗಳದಲ್ಲಿ ಸರದಿ ಕಾಯುವ ಟ್ರಾಕ್ಟರುಗಳಿಗೆ ಅಲ್ಲಿಯೇ ಪಟ್ಟಿ ಅಂಟಿಸಬಹುದು. ಟ್ರಾಕ್ಟರು ಮತ್ತು ಕೃಷಿ ಯಂತ್ರಗಳ ಬಳಕೆ, ನಿರ್ವಹಣೆಯಲ್ಲಿ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯು ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಯುವ ರೈತರು ಇದರ ಪ್ರಯೋಜನ ಪಡೆಯಬಹುದು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿದರೆ ಕೃಷಿ ತರಬೇತಿಗಳ ಬಗ್ಗೆ ಮಾಹಿತಿ ದೊರೆಯುತ್ತದೆ.

ಮಳೆ ರೈತನ ಕೈಯಲ್ಲಿಲ್ಲ, ಬೆಲೆಯೂ ಅವನ ಕೈಯಲ್ಲಿಲ್ಲ. ಆದರೆ ಟ್ರೇಲರಿನ ಹಿಂದೆ ಒಂದು ಕೆಂಪು ಪಟ್ಟಿ ಅಂಟಿಸುವುದು, ಬ್ರೇಕಿನ ಕೊಂಡಿ ಹಾಕುವುದು, ಮಗುವನ್ನು ಮಡ್‌ಗಾರ್ಡಿನಿಂದ ಕೆಳಗಿಳಿಸುವುದು ಅವನ ಕೈಯಲ್ಲಿಯೇ ಇದೆ. ಈ ಬಾರಿಯ ಶೇಂಗಾ ಮಾರುಕಟ್ಟೆಗೆ ಹೊರಡುವ ಮುಂಚೆ ಪ್ರತಿಯೊಬ್ಬ ಟ್ರಾಕ್ಟರ್ ಮಾಲೀಕರೂ ಒಂದು ಸಂಜೆ ತಮ್ಮ ಟ್ರೇಲರಿನ ಹಿಂದೆ ನೂರು ಹೆಜ್ಜೆ ನಡೆದು, ತಿರುಗಿ ಟಾರ್ಚು ಬಿಟ್ಟು ನೋಡಲಿ. ಅವರಿಗೆ ಕಾಣದ ಟ್ರೇಲರು ಲಾರಿಯ ಚಾಲಕನಿಗೂ ಕಾಣದು.